ಗುಟ್ಟಾಗಿಡಬೇಕೆಂದು ನಾನು ಬರೆದ ಸಾಲು

2025ರ ಜನವರಿ 19, ಭಾನುವಾರ, ಬೆಳಗ್ಗೆ 10 ಗಂಟೆ 40 ನಿಮಿಷ. ನನ್ನ ಡೈರಿಯಲ್ಲಿ ಈ ವಿಷಯ ಶುರುವಾಗುವುದು ಅಲ್ಲಿಂದ. ಸಭೆ ಹತ್ತಕ್ಕೆ ಎಂದು ಹೇಳಿದ್ದೆವು. ಚಿಂತಾಮಣಿ ಕಡೆಯಿಂದ ಬರಬೇಕಾದವರ ಬಸ್ಸು ತಡವಾಯಿತು, ಕಾದೆವು.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಒಂದು ಟ್ಯೂಷನ್ ಕೋಣೆ ಇದೆ. ಮೂರು ತಿಂಗಳಿಗೊಮ್ಮೆ ಭಾನುವಾರ ಅದು ನಮ್ಮ ನಿಧಿಯ ಸಭೆಗೆ ಸಿಗುತ್ತದೆ. ನಿಧಿ ದೊಡ್ಡದೇನಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಅರವತ್ತೆರಡು ಜನ ತಿಂಗಳಿಗೆ ಕೈಲಾದಷ್ಟು ಹಾಕುತ್ತೇವೆ. ಎಲ್ಲಿ ಜನ ತಮ್ಮ ಹಕ್ಕಿಗಾಗಿ ತಾವೇ ಅಲೆಯುತ್ತಿದ್ದಾರೋ, ಆ ಅಲೆದಾಟದ ಖರ್ಚಿಗೆ ಕೊಡುತ್ತೇವೆ. ಹೊರಗಿನ ಹಣ ತೆಗೆದುಕೊಳ್ಳುವುದಿಲ್ಲ. ಯಾರಿಗೆ ಕೊಡಬೇಕೆಂದು ಹಾಕಿದವರೇ ಕೂತು ತೀರ್ಮಾನಿಸುತ್ತಾರೆ. ನಾನು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಎರಡು ವರ್ಷದ ಹಿಂದೆ ನಡಾವಳಿ ಪುಸ್ತಕ ನನ್ನ ಕೈಗೆ ಬಂತು.

ನಾನು ಬರುವುದಕ್ಕೆ ಮುಂಚೆ ಒಂದು ಜಗಳವಾಗಿತ್ತಂತೆ. ಯಾರಿಗೋ ಕೊಟ್ಟದ್ದು ಯಾರಿಗೋ ಗೊತ್ತಿರಲಿಲ್ಲ, ನಾಲ್ಕು ಜನ ಬಿಟ್ಟು ಹೋದರು. ಹಾಗಾಗಿ ನಾನೊಂದು ಪದ್ಧತಿ ತಂದೆ. ಬಂದ ಪ್ರತಿ ಕೋರಿಕೆಯನ್ನೂ ಸಭೆಯಲ್ಲಿ ಎರಡು ಸಲ ಜೋರಾಗಿ ಓದುವುದು. ಆಡಿದ ಮಾತೆಲ್ಲ ಬರೆಯುವುದು. ಬರೆದ ಪುಟದ ಫೋಟೋವನ್ನು ಅದೇ ಸಂಜೆ ವಾಟ್ಸಾಪ್ ಗುಂಪಿಗೆ ಹಾಕುವುದು. ಬಂದವರಿಗೂ ಬಾರದವರಿಗೂ ಎಲ್ಲ ತಿಳಿದಿರಬೇಕು. ಎರಡು ವರ್ಷದಲ್ಲಿ ಒಂದೂ ಜಗಳವಾಗಲಿಲ್ಲ. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು, ಸುಳ್ಳು ಹೇಳುವುದಿಲ್ಲ.

ಅಂದು ಹಾಜರು ಮೂವತ್ತೆಂಟು. ಕೋರಿಕೆ ಮೂರು. ಪೂರ್ತಿ ಕೊಡಲು ಸಾಧ್ಯವಿದ್ದದ್ದು ಒಂದಕ್ಕೆ.

ಮೊದಲಿನದು ನೂಲು ತೆಗೆಯುವ ಹೆಂಗಸರದ್ದು. ದಿನವಿಡೀ ಬಿಸಿನೀರಲ್ಲಿ ಕೈಯಿಟ್ಟು ಬೆರಳು ಬಿರಿದವರಿಗೆ ವೈದ್ಯರ ಕಾಗದ ಮಾಡಿಸಿ ಪರಿಹಾರ ಕೇಳುವುದು. ಎರಡನೆಯದು ತೊಂಡೇಬಾವಿ ಕಡೆಯ ಕೂಲಿಯವರದ್ದು, ಕಾರ್ಮಿಕರ ಕಾರ್ಡಿನ ಓಡಾಟ. ಮೂರನೆಯದನ್ನು ಹೇಳಲು ಎದ್ದುನಿಂತವರು ಅಂಬಾಜಿದುರ್ಗದ ಕೆಳಗಿನ ಒಂದು ಊರಿನ ಕಾಲೋನಿಯ ಅಕ್ಕ. ನಲವತ್ತರ ಆಸುಪಾಸು. ಹನ್ನೊಂದು ಹೆಂಗಸರ ಗುಂಪಿನ ಪರವಾಗಿ ಬಂದಿದ್ದರು.

"ನಮ್ಮ ಸ್ಮಶಾನಕ್ಕೆ ಬಂಡಿದಾರಿ ಇತ್ತು" ಎಂದರು. "ನಾನು ಮದುವೆಯಾಗಿ ಬಂದಾಗ ಎರಡು ಬಂಡಿ ಎದುರುಬದುರು ಹೋಗ್ತಿದ್ವು. ಪಕ್ಕದ ಹೊಲದೋರು ವರ್ಷಕ್ಕೊಂದು ಸಾಲು ಒಳಗೆ ಹಾಕ್ಕೊಂಡ್ ಬಂದ್ರು. ಹೋದ ವರ್ಷ ನಮ್ಮ ಮಾವನ್ನ ಎತ್ಕೊಂಡ್ ಹೋಗ್ವಾಗ ನಾಲ್ಕು ಜನ ನಡೆಯಕ್ಕೆ ಜಾಗ ಇಲ್ಲ. ಮುಂದೊಬ್ರು ಹಿಂದೊಬ್ರು, ಇಬ್ಬರೇ ಹೊತ್ರು. ಈಗ ಅತ್ತೆ ಮಲಗಿದಾರೆ. ನನ್ನನ್ನ ಆ ಯಪ್ಪನ ಪಕ್ಕ ಹಾಕು, ನಾಲ್ಕು ಹೆಗಲ ಮೇಲೆ ಹಾಕು ಅಂತಾರೆ. ದಿನಾ ಅದೇ ಮಾತು."

ದಾರಿಯ ಮೂಲೆಯಲ್ಲಿ ಹಿಂದೆ ಅಳತೆಯವರು ಗಡಿಗೆ ನೆಟ್ಟ ಒಂದು ಬಾಂದು ಕಲ್ಲು ಇನ್ನೂ ಉಳಿದಿತ್ತು. ಅವರು ಕೇಳಿದ್ದು ಹಳೆಯ ದಾಖಲೆಗಳ ನಕಲಿಗೆ, ಅಳತೆಯ ಶುಲ್ಕಕ್ಕೆ, ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಹೋಗುವ ಹೆಂಗಸರ ಬಸ್ಸಿಗೆ. ಮೊದಲು ಅಧಿಕಾರಿ ಬಂದು ಕಣ್ಣಾರೆ ನೋಡಿ, ಅಲ್ಲಿ ಏನಿದೆಯೆಂದು ಮಹಜರು ಬರೆಯಬೇಕು. ಕಲ್ಲು ಒಮ್ಮೆ ಮಹಜರಿನಲ್ಲಿ ಬಂದುಬಿಟ್ಟರೆ ಆಮೇಲೆ ಯಾರೂ ಇಲ್ಲವೆನ್ನುವಂತಿಲ್ಲ.

ಕೂರುವ ಮುಂಚೆ ಅಕ್ಕ ಹೇಳಿದರು: "ಮಹಜರು ಆಗೋವರ್ಗೂ ಊರಲ್ಲಿ ಗೊತ್ತಾಗ್ಬಾರ್ದು. ಗೊತ್ತಾದ್ರೆ ಕಲ್ಲು ಇರಲ್ಲ."

ಎಲ್ಲರೂ ತಲೆಯಾಡಿಸಿದರು. ನಾನು ತಲೆ ಬಗ್ಗಿಸಿ ಬರೆಯುತ್ತಿದ್ದೆ. ಟೆಂಪೋ ಓಡಿಸುವ ಅಣ್ಣ ಪಕ್ಕದಿಂದ ಇಣುಕಿ, "ಏನಮ್ಮ, ನಾನ್ ಕೆಮ್ಮಿದ್ದೂ ಬರ್ಕೊಂಡ್ಯಾ?" ಎಂದರು.

"ಎಷ್ಟ್ ಸಲ ಕೆಮ್ಮಿದ್ರಿ ಹೇಳಿ, ಬರೀತೀನಿ."

"ಬೇಡ ತಾಯಿ! ಬೀಡಿ ಬಿಟ್ಟೆ ಅಂತ ಮನೇಲಿ ಹೇಳಿದೀನಿ. ಗ್ರೂಪಲ್ಲಿ ನನ್ನ ಹೆಂಡ್ತಿನೂ ಇದಾಳೆ."

ಎಲ್ಲ ನಕ್ಕರು. ನಾನೂ ನಕ್ಕೆ.

ನಮ್ಮಲ್ಲಿ ಕೈ ಎತ್ತುವುದಿಲ್ಲ. ನೂಲಿನ ಘಟಕದಲ್ಲಿ ಮೂವತ್ತು ವರ್ಷ ದುಡಿದ ಅಜ್ಜಿಯೊಬ್ಬರು ಚಿಟ್ಟೆ ಕೊರೆದು ಹೊರಬಿದ್ದ ತೂತು ಗೂಡುಗಳನ್ನು ತರುತ್ತಾರೆ. ಅವು ನೂಲಿಗೆ ಬರುವುದಿಲ್ಲ. ತಲೆಗೊಂದು ಗೂಡು. ಮೂರು ಬಟ್ಟಲು. ಎಣಿಸಿದಾಗ ಬೆರಳು ಬಿರಿದವರಿಗೆ ಎಂಟು, ಕಾರ್ಡಿಗೆ ಮೂರು, ದಾರಿಗೆ ಇಪ್ಪತ್ತೇಳು. ಅಜ್ಜಿಯ ಬೆರಳುಗಳೂ ಬಿರಿದಿವೆ. ಆದರೂ ತಮ್ಮ ಗೂಡನ್ನು ಅವರು ದಾರಿಯ ಬಟ್ಟಲಿಗೆ ಹಾಕಿದ್ದನ್ನು ನಾನು ನೋಡಿದೆ. "ಏಮಮ್ಮಾ ನೋಡ್ತೀಯ? ನಾನೂ ಒಂದಿನ ಹೋಗೋಳೇ ಅಲ್ವಾ" ಎಂದರು.

ಸಂಜೆ 6.12ಕ್ಕೆ ಪುಟದ ಫೋಟೋ ಗುಂಪಿಗೆ ಹಾಕಿದೆ. ಮೂರನೆಯ ಕೋರಿಕೆಯ ಕೆಳಗೆ ಕೊನೆಯ ಸಾಲು ಹೀಗಿತ್ತು: "ಮಹಜರು ಆಗುವವರೆಗೆ ಈ ವಿಷಯ ಊರಿನಲ್ಲಿ ಯಾರಿಗೂ ತಿಳಿಯದಂತೆ ಗುಟ್ಟಾಗಿಡಬೇಕೆಂದು ಕೋರಿರುತ್ತಾರೆ. ಸಭೆ ಒಪ್ಪಿತು."

ಇಪ್ಪತ್ತಾರು ಜನ ಹೆಬ್ಬೆರಳು ಒತ್ತಿದರು. ಇದನ್ನು ಯಾಕೆ ಹಾಕಿದೆ ಎಂದು ಒಬ್ಬರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ. ಅಕ್ಷರ ಚೆನ್ನಾಗಿ ಬಂದಿದೆ ಅಂದುಕೊಂಡೆ.

ಜನವರಿ 28, ಮಂಗಳವಾರ, ಬೆಳಗ್ಗೆ 7.50ಕ್ಕೆ ಅಕ್ಕನ ಫೋನ್ ಬಂತು. "ನಿನ್ನೆ ದಾರಿ ಉಳಕ್ಕೆ ರೋಟವೇಟರ್ ಬಂತು ಕಣಮ್ಮ" ಎಂದರು. ಆ ಕಡೆ ಯಾರೋ ಮುದುಕಿ ಏನೋ ಕೇಳುತ್ತಿದ್ದುದು ಕೇಳಿಸಿತು. "ಏನಿಲ್ಲ ಅತ್ತೆ, ಹಾಲಿನೋರು" ಎಂದು ಅಕ್ಕ ಹೇಳಿ ಫೋನಿಟ್ಟರು.

ಆ ವಾರವೆಲ್ಲ ಇದು ಕಾಕತಾಳೀಯ ಅಂದುಕೊಂಡೆ. ಉಳುವವರು ಉಳುತ್ತಾರೆ. ಫೆಬ್ರವರಿ 2ರ ಭಾನುವಾರ ಅಣ್ಣನ ಟೆಂಪೋದಲ್ಲಿ ಅಲ್ಲಿಗೆ ಹೋದೆವು. ಕಾಲೋನಿಯ ಕೊನೆಯ ಮನೆ ದಾಟಿದರೆ ಮೆದು ಮಣ್ಣು. ಮೂಲೆಯಲ್ಲಿ ಬಾಂದು ಕಲ್ಲು ಇರಲಿಲ್ಲ. ಹಿಪ್ಪುನೇರಳೆ ಸಸಿಗಳ ಸಾಲು, ಹೊಸ ಡ್ರಿಪ್ ಪೈಪು, ಪೈಪಿನ ಮೇಲೆ ಕಂಪನಿಯ ಚೀಟಿ ಕೂಡ ಕಿತ್ತಿರಲಿಲ್ಲ. ಎಷ್ಟು ಸಾಲು ದಾರಿಯ ಮೇಲಿವೆ ಎಂದು ಎಣಿಸಲು ಹೊರಟೆ. ದಾರಿ ಎಲ್ಲಿಂದ ಎಂದು ತಿಳಿಯದೆ ನಿಲ್ಲಿಸಿದೆ.

ಬೋರ್‌ವೆಲ್ ಕಡೆಯಿಂದ ಹೊಲದ ಯಜಮಾನರು ಬಂದರು. ಒಳ್ಳೆಯ ಮಾತಿನವರು. "ಬಿಸ್ಲಲ್ಲಿ ಯಾಕ್ ನಿಂತಿದೀರಾ, ಬನ್ನಿ, ನೀರ್ ಕುಡೀರಿ" ಎಂದರು. ಅಕ್ಕ ಸೆರಗು ಬಿಗಿದುಕೊಂಡು ನಿಂತಿದ್ದರು.

"ದಾರಿ ನೋಡೋಣ ಅಂತ ಬಂದ್ವಿ" ಎಂದರು ಟೆಂಪೋ ಅಣ್ಣ.

"ದಾರಿನಾ? ಎಲ್ಲಿದೆ ತೋರ್ಸಪ್ಪ, ಇವತ್ತೇ ಬಿಟ್ಕೊಡ್ತೀನಿ." ಆಮೇಲೆ ನನ್ನ ಕಡೆ ತಿರುಗಿದರು. "ಗುಟ್ಟಾಗಿಡ್ಬೇಕು, ಸಭೆ ಒಪ್ಪಿತು ಅಂತ ಬರ್ದಿದೀರಂತೆ. ಗುಟ್ಟೇನಮ್ಮ ಇದ್ರಲ್ಲಿ? ನನ್ನ ಜಮೀನು, ನಾನು ಉತ್ತಿದೀನಿ."

ನಾನು ಬರೆದ ಮಾತುಗಳು ಅವರ ಬಾಯಲ್ಲಿ ಹಾಗೆಯೇ ಇದ್ದವು. ಅಕ್ಕ ನನ್ನ ಮುಖ ನೋಡಿದರು. ಅವರ ಫೋನು ಬಟನ್ನಿನದು, ಅವರು ಗುಂಪಿನಲ್ಲಿಲ್ಲ. ಆ ಸಾಲು ಬರೆದದ್ದೂ ಹಾಕಿದ್ದೂ ಅವರಿಗೆ ಗೊತ್ತಿರಲಿಲ್ಲ. ಟೆಂಪೋ ಹತ್ತುವಾಗ ನಾನೇ ಹೇಳಿದೆ. "ಬರೆದ್ಯಾ?" ಎಂದರು. "ಬರೆದೆ." "ಎಲ್ರಿಗೂ ಕಳಿಸಿದ್ಯಾ?" "ಕಳಿಸಿದೆ ಅಕ್ಕ." ಅವರು ಬೈಯಲಿಲ್ಲ. "ಊಟದ ಹೊತ್ತಾಯ್ತು, ಹೋಗ್ರಿ" ಎಂದರು.

ಮರುದಿನ ಚಿಂತಾಮಣಿಯ ಒಬ್ಬ ಮೇಷ್ಟ್ರಮ್ಮ ಫೋನ್ ಮಾಡಿದರು. ನಮ್ಮ ನಿಧಿಗೆ ಒಂದು ತಿಂಗಳೂ ತಪ್ಪಿಸದವರು. ಆ ಊರು ಅವರ ತವರು, ಹೊಲದ ಯಜಮಾನರು ಅವರ ಚಿಕ್ಕಪ್ಪನ ಮಗ ಎಂದು ನನಗೆ ಆಗಲೇ ತಿಳಿದದ್ದು. ಅರವತ್ತೆರಡು ಜನರ ಊರು, ಫೋನ್ ನಂಬರು, ಹಾಕುವ ಮೊತ್ತ ಎಲ್ಲ ನನ್ನ ಪಟ್ಟಿಯಲ್ಲಿವೆ. ತವರಿನ ಅಂಕಣ ಇರಲಿಲ್ಲ.

"ನಾನ್ ಹೇಳ್ಲಿಲ್ಲ ಕಣಮ್ಮ. ನನ್ನಾಣೆ. ಸಂಕ್ರಾಂತಿ ಕಳೆದ್ಮೇಲೆ ತವರಿನೋರೆಲ್ರೂ ಮನೇಗೆ ಬಂದಿದ್ರು. ನಮ್ಮನೇಲಿ ಫೋನು ಯಾರ ಕೈಗ್ ಬೇಕಾದ್ರೂ ಸಿಗತ್ತೆ." ಆಮೇಲೆ, "ಈ ತಿಂಗಳ ದುಡ್ಡು ಹಾಕ್ಲಾ ಬೇಡ್ವಾ?" ಎಂದು ಕೇಳಿದರು. ಅವರ ಮಾತು ನಂಬಬೇಕೋ ಬಿಡಬೇಕೋ ಈಗಲೂ ತಿಳಿದಿಲ್ಲ. ಅವರು ಹೇಳಿದ್ದರೂ ಹೇಳದಿದ್ದರೂ, ಅವರ ಫೋನಿಗೆ ಅದನ್ನು ಕಳಿಸಿದವಳು ನಾನು.

ಫೆಬ್ರವರಿ 11ರಂದು ಅಧಿಕಾರಿ ಬಂದರು, ಮಹಜರು ಬರೆದರು. ಅವರಿಗೆ ಕಂಡದ್ದನ್ನೇ ಬರೆದರು: ಹಿಪ್ಪುನೇರಳೆ ಬೆಳೆ ಇದೆ, ದಾರಿಯ ಗುರುತು ಕಂಡುಬರುವುದಿಲ್ಲ. ಅಕ್ಕನ ಬಳಿ ಕಲ್ಲಿನ ಒಂದು ಫೋಟೋ ಇತ್ತು, ಕೋರಿಕೆಗೆ ಲಗತ್ತಿಸಲು ನಾನೇ ತರಿಸಿದ್ದು. ತೀರಾ ಹತ್ತಿರದಿಂದ ತೆಗೆದದ್ದು. ಸುತ್ತಲಿನದೇನೂ ಕಾಣುವುದಿಲ್ಲ. ಇದು ಯಾವ ಊರಿನ ಕಲ್ಲಾದರೂ ಆಗಬಹುದಲ್ಲ ಎಂದರಂತೆ ಅಧಿಕಾರಿ. ಗ್ರಾಮ ನಕಾಶೆಯ ನಕಲು ಸಿಕ್ಕಿತು, ಆದರೆ ಮೂಲ ಹಾಳೆ ಮಡಿಕೆಯಲ್ಲಿ ಸವೆದಿದೆ, ಸವೆದ ಜಾಗ ಸರಿಯಾಗಿ ಅಲ್ಲೇ. ನಕಲಿನಲ್ಲಿ ಅದು ಬಿಳಿ ಪಟ್ಟಿಯಾಗಿ ಬಂದಿದೆ. ನಮ್ಮ ಅಂಗಡಿಯ ಯಂತ್ರದಲ್ಲಿ ಗಾಢ ಮಾಡಿ ಏಳು ಸಲ ತೆಗೆದು ನೋಡಿದೆ. ಪಟ್ಟಿ ಬೂದು ಬಣ್ಣಕ್ಕೆ ತಿರುಗಿತೇ ಹೊರತು ಗೆರೆ ಮೂಡಲಿಲ್ಲ.

ಫೆಬ್ರವರಿ 16ಕ್ಕೆ ತುರ್ತು ಸಭೆ ಕರೆದೆವು. ಹಾಜರು ಹತ್ತೊಂಬತ್ತು. ಅಕ್ಕ ಖರ್ಚಾಗದ ಹಣವನ್ನು ತಂದು ಮೇಜಿನ ಮೇಲಿಟ್ಟರು. ನಮ್ಮ ನಿಯಮವೇ ಹಾಗೆ.

"ಅದನ್ನ ಒಳಗಿಟ್ಕೋ, ಇನ್ನೂ ಬೇಕಾಗತ್ತೆ" ಎಂದರು ನೂಲಿನ ಅಜ್ಜಿ.

"ಯಾತಕ್ಕಮ್ಮ? ಅರ್ಜಿ ಹಾಕಿದ್ದಾಯ್ತು, ಅವ್ರು ಬಂದಿದ್ದಾಯ್ತು, ಇಲ್ಲ ಅಂತ ಬರೆದಿದ್ದಾಯ್ತು. ಇನ್ನ ಯಾತಕ್ ಖರ್ಚ್ ಮಾಡ್ಲಿ ಹೇಳು."

ಇನ್ನಷ್ಟು ಹಣ ಬೇಕೆಂದರೆ ಆ ಹತ್ತೊಂಬತ್ತು ಜನ ಅಲ್ಲೇ ಜೇಬಿಗೆ ಕೈ ಹಾಕುತ್ತಿದ್ದರು, ಅದು ನನಗೆ ಗೊತ್ತು. ಕೊಡಲು ನಮ್ಮಲ್ಲಿದ್ದದ್ದು ಅದೊಂದೇ, ಅವರಿಗೆ ಬೇಕಿದ್ದದ್ದು ಅದಲ್ಲ. ನಾನು ನಡಾವಳಿ ಪುಸ್ತಕವನ್ನು ಬೇರೆಯವರಿಗೆ ವಹಿಸಿ ಎಂದೆ. "ನೀನೇನ್ ಮಾಡ್ತೀಯ ಬಿಡು, ನಾವೂ ಓದಿ ಬೆರಳೊತ್ತಿದ್ವಲ್ಲ" ಎಂದರು ಟೆಂಪೋ ಅಣ್ಣ. ಯಾರೂ ಪುಸ್ತಕ ತೆಗೆದುಕೊಳ್ಳಲಿಲ್ಲ. ಅಂದಿನ ಪುಟದಲ್ಲಿ ದಿನಾಂಕ ಮತ್ತು ಹಾಜರಿ ಮಾತ್ರ ಇದೆ.

ಇದನ್ನು ಬರೆಯುವ ಮೊದಲು ಅಕ್ಕನ ಮನೆಗೆ ಹೋಗಿ ಕೇಳಿದೆ. ಬರಿ, ಆದ್ರೆ ಊರ ಹೆಸರು ಹಾಕ್ಬೇಡ, ಗೊತ್ತಿರೋರಿಗೆ ಗೊತ್ತಾಗೋ ಅಷ್ಟು ಹಾಕು ಎಂದರು. ಬರೆದ ಮೇಲೆ ಮತ್ತೆ ಹೋಗಿ ಮೆಲ್ಲಗೆ ಓದಿ ಹೇಳಿದೆ, ಎರಡು ಕಡೆ ಸಾಲು ಹೊಡೆದುಹಾಕಿಸಿದರು. ಅಷ್ಟು ಹೊತ್ತೂ ಅವರ ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಊಟ ಬಿಟ್ಟು ಆರು ದಿನವಾಗಿತ್ತು, ಗಂಜಿ ಮಾತ್ರ. ದಾರಿ ಹೋದದ್ದನ್ನು ಅವರಿಗೆ ಯಾರೂ ಹೇಳಿಲ್ಲ.

ಕಾಲೋನಿಯಿಂದ ಹೊರಟು, ಅಂಬಾಜಿದುರ್ಗದ ಬೆಟ್ಟ ಎಡಗೈಗೆ ಬರುವಂತೆ ನಡೆದರೆ, ಎರಡು ಹೊಂಗೆ ಮರ ದಾಟಿ ನೀರು ಬತ್ತಿದ ಒಂದು ಕುಂಟೆಯ ಪಕ್ಕದಲ್ಲಿ ಆ ದಾರಿ ಸ್ಮಶಾನಕ್ಕೆ ಇಳಿಯುತ್ತಿತ್ತು. ಇಷ್ಟು ಓದಿ ಯಾರಿಗಾದರೂ ಆ ಜಾಗ ಕಣ್ಣಿಗೆ ಕಟ್ಟಿದರೆ, ಅಲ್ಲಿ ಬಂಡಿ ಹೊಡೆದವರಿದ್ದರೆ, ಹಿಂದೆ ಅಳತೆಯವರ ಜೊತೆ ಸರಪಳಿ ಹಿಡಿದವರಿದ್ದರೆ, ಮಡಿಕೆ ಸವೆಯುವ ಮುಂಚಿನ ನಕಾಶೆಯ ನಕಲು ಯಾರ ಮನೆಯಲ್ಲಾದರೂ ಇದ್ದರೆ, ಮದುವೆಯದೋ ಸಾವಿನದೋ ಒಂದು ಹಳೆಯ ಫೋಟೋದಲ್ಲಿ ಹಿಂದೆ ಆ ದಾರಿ ಬಿದ್ದಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ನಿಮ್ಮ ಕಾಗದವನ್ನು ಅಕ್ಕನಿಗೆ ಓದಿ ಹೇಳುತ್ತೇನೆ, ಬೇರೆ ಯಾರಿಗೂ ತೋರಿಸುವುದಿಲ್ಲ. ಅತ್ತೆ ಇನ್ನೂ ಇದ್ದಾರೆ. ಬೇಗ ಬರೆಯಿರಿ.