ನಮ್ಮ ಕಡೆಯ ರಕ್ತ, ಮಲೇರಿಯಾ ಮಾತ್ರೆ

ಪಂಪ್‌ವೆಲ್ ಹತ್ತಿರದ ನಮ್ಮ ಮೆಡಿಕಲ್ ಶಾಪಿನಲ್ಲಿ ಮಳೆಗಾಲವೆಂದರೆ ಮಲೇರಿಯಾದ ಕಾಲ. ಜ್ವರ ಬಂದವರು ಮನೆಯಲ್ಲಿ ಮಲಗಿರುತ್ತಾರೆ, ಅವರ ಪರವಾಗಿ ಬಂದವರಿಗೆ ಮಾತ್ರ ಎಲ್ಲಿಲ್ಲದ ಅವಸರ. ಫಾರ್ಮಸಿಸ್ಟ್ ಆದ ನಾನು ಎರಡು ಪ್ರಶ್ನೆ ಕೇಳಿದರೆ ಮುಖ ಗಂಟಿಕ್ಕುತ್ತಾರೆ. ಕೇಳದೆ ಕೊಡುವುದು ನನ್ನಿಂದ ಆಗುವುದಿಲ್ಲ. ಈ ವಿಷಯದಲ್ಲಿ ನಾನು ಮೊಂಡು.

ಒಂದು ಸಂಜೆ ಹಾಗೆ ಚೀಟಿ ಹಿಡಿದು ಬಂದವರು ನನ್ನ ಭಾವ, ಅಕ್ಕನ ಗಂಡ. ಬೈಕಂಪಾಡಿಯಲ್ಲಿ ಕೆಲಸಕ್ಕಿದ್ದ ಅವರ ಮಗನಿಗೆ ಮಲೇರಿಯಾ. ಚೀಟಿಯಲ್ಲಿ ಎರಡು ಬಗೆಯ ಮಾತ್ರೆಗಳಿದ್ದವು. ಒಂದು ರಕ್ತದಲ್ಲಿರುವ ರೋಗಾಣುವಿಗೆ. ಇನ್ನೊಂದು ಪ್ರೈಮಾಕ್ವಿನ್, ಲಿವರಿನಲ್ಲಿ ಅಡಗಿ ಕೂತದ್ದಕ್ಕೆ. ಈ ಎರಡನೆಯದು ಕೆಲವರಿಗೆ ಆಗಿಬರುವುದಿಲ್ಲ. ರಕ್ತಕಣವನ್ನು ಕಾಯುವ ಒಂದು ಕಿಣ್ವ ಅವರಲ್ಲಿ ಹುಟ್ಟಿನಿಂದಲೇ ಕಡಿಮೆ. ಮಾತ್ರೆ ಒಳಗೆ ಹೋದರೆ ರಕ್ತಕಣ ಒಡೆದು ಮೂತ್ರ ಕಪ್ಪಾಗುತ್ತದೆ, ಜೀವಕ್ಕೇ ಕುತ್ತು ಬರಬಹುದು.

"ರಕ್ತದ ಟೆಸ್ಟ್ ಮಾಡಿಸಿದ್ರಾ ಭಾವ?"

"ಡಾಕ್ಟ್ರೇ ಮಾತ್ರೆ ಬರೆದು ಕೊಟ್ಟಿದ್ದಾರೆ. ಮನೆಯಲ್ಲಿ ಯಾರಿಗಾದ್ರೂ ಈ ಮಾತ್ರೆಯಿಂದ ತೊಂದ್ರೆ ಆಗಿದೆಯಾ ಅಂತಲೂ ಕೇಳಿದ್ರು. ನಮ್ಮಲ್ಲಿ ಯಾರಿಗೂ ಇಲ್ಲ ಅಂದೆ. ಮತ್ತೆ ಟೆಸ್ಟ್ ಎಂತಕ್ಕೆ?"

"ನಿಮ್ಮಲ್ಲಿ ಅಂದ್ರೆ?"

"ನಮ್ಮ ಅಪ್ಪ, ನನ್ನ ತಮ್ಮಂದಿರು. ಕಲ್ಲು ತಿಂದು ಕರಗಿಸುವವರು ಮಾರಾಯ್ತಿ!"

ನನಗೆ ಸಿಟ್ಟೂ ಬಂತು, ನಗುವೂ ಬಂತು. ನಮ್ಮ ತುಳು ಮನೆಗಳಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಸೂತಕ, ದೈವದ ಕೆಲಸ, ಮದುವೆಯ ಮಾತು, ಎಲ್ಲದಕ್ಕೂ ಆ ಕಡೆಯದೇ ಲೆಕ್ಕ. ಇದನ್ನೆಲ್ಲ ಬಾಯಿಪಾಠ ಹೇಳುವ ಭಾವ ಡಾಕ್ಟರ ಮುಂದೆ ಕೂತಾಗ ತಮ್ಮ ಮನೆಯ ಸುದ್ದಿ ಹೇಳಿ ಬಂದಿದ್ದರು. ಗಂಡುಮಕ್ಕಳಿಗೆ ಈ ಕಿಣ್ವದ ಕೊರತೆ ಬರುವುದೂ ತಾಯಿಯಿಂದಲೇ.

"ಅವನು ನಮ್ಮ ಕುಟುಂಬದವನು ಭಾವ. ನಮ್ಮ ಕಡೆಯವರನ್ನು ಕೇಳ್ಬೇಕಿತ್ತು."

"ಹಾಗಾದ್ರೆ ಅವನು ನನ್ನ ಮಗ ಅಲ್ವಾ?" ಎಂದರು. ಅವರಿಗೆ ನಿಜಕ್ಕೂ ನೋವಾಗಿತ್ತು. ನನಗೂ ಕೆಟ್ಟದೆನಿಸಿತು. ಆದರೂ ಮೊದಲನೆಯ ಮಾತ್ರೆ ಮಾತ್ರ ಕೊಟ್ಟು, ಟೆಸ್ಟ್ ಆಗದೆ ಪ್ರೈಮಾಕ್ವಿನ್ ಕೊಡುವುದಿಲ್ಲವೆಂದೆ.

ಅವರು ಅಲ್ಲೇ ನಿಂತಿರುವಾಗ ದುಬೈಯಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ. ಹುಡುಗನ ಸೋದರಮಾವ ಅವನೊಬ್ಬನೇ.

"ನಿನಗೆ ಹಿಂದೆ ಮಲೇರಿಯಾ ಬಂದಿತ್ತಲ್ಲ, ಮಾತ್ರೆ ತಿಂದು ಎಂತಾದ್ರೂ ಆಗಿತ್ತಾ?"

ಅಣ್ಣ ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಆಮೇಲೆ, "ಮೂತ್ರ ಕಪ್ಪು ಚಾದ ಹಾಗೆ ಹೋಗ್ತಿತ್ತು. ಕಣ್ಣೆಲ್ಲ ಹಳದಿ. ಕಾಮಾಲೆ ಅಂತ ಹೇಳಿ ಅಮ್ಮ ನಾಟಿ ಮದ್ದು ಕುಡಿಸಿದ್ರು. ನಾನು ಮಾತ್ರೆ ಬಿಟ್ಟೆ. ವೀಸಾದ ಮೆಡಿಕಲ್‌ನಲ್ಲಿ ಫೇಲ್ ಆದ್ರೆ ಅಂತ ಹೆದರಿ ಮತ್ತೆ ಯಾರಿಗೂ ಹೇಳ್ಲಿಲ್ಲ" ಎಂದ.

ಫೋನ್ ಸ್ಪೀಕರಿನಲ್ಲಿತ್ತು. ಭಾವ ಕೂಡಲೇ ಮಗನನ್ನು ಲ್ಯಾಬಿಗೆ ಕರೆದೊಯ್ಯಲು ಹೊರಟರು.

ಕಿಣ್ವ ತೀರಾ ಕಡಿಮೆ ಎಂದು ವರದಿ ಬಂತು. ಡಾಕ್ಟರು ದಿನಾ ಕೊಡಬೇಕಾದ ಪ್ರೈಮಾಕ್ವಿನ್ ಮಾತ್ರೆಯನ್ನು ವಾರಕ್ಕೊಮ್ಮೆ ಮಾಡಿ, ರಕ್ತ ನೋಡುತ್ತಾ ಕೊಡುವುದೆಂದು ಬದಲಿಸಿದರು. ನಾನು ಕೂಳೂರಿನ ಅವರ ಮನೆಗೆ ಹೋದಾಗ ಹುಡುಗ ಗಂಜಿ ಬೇಡವೆಂದು ಹಟ ಮಾಡುತ್ತಿದ್ದ. ಭಾವ ಅವನ ಕಾಲ ಬಳಿ ಕೂತಿದ್ದರು. "ಆ ಮಾತ್ರೆ ನಾನೇ ಎದುರು ನಿಂತು ನುಂಗಿಸ್ತಿದ್ದೆ" ಎಂದು ಎರಡು ಸಲ ಹೇಳಿದರು. ಅವರನ್ನು ಕಂಡು ಪಾಪ ಅನಿಸಿತು.

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. "ಇದು ನಾನು ಕೊಟ್ಟದ್ದಾ ಅವನಿಗೆ?"

ಅಂಗಡಿಯಲ್ಲಿ ಎಷ್ಟೋ ತಾಯಂದಿರಿಗೆ ಸಲೀಸಾಗಿ ಹೇಳಿದ ಉತ್ತರವನ್ನು ಅಕ್ಕನಿಗೆ ಪದ ಹುಡುಕಿ ಹೇಳಿದೆ. "ನಿನ್ನ ಮೂಲಕ ಬಂದದ್ದು ಅಕ್ಕ. ಅಮ್ಮನಿಂದ ಅಣ್ಣನಿಗೂ ಬಂತು, ನಿನಗೂ ಬಂತು. ಹೆಂಗಸರಲ್ಲಿ ಹೆಚ್ಚಾಗಿ ಗೊತ್ತೇ ಆಗುವುದಿಲ್ಲ."

ಅವಳು ಕಣ್ಣೊರೆಸಿಕೊಂಡಳು. ನನ್ನ ಕಡೆ ತಿರುಗಿದಳು. "ಅಮ್ಮ ನಿನಗೂ ಅಮ್ಮನೇ ಅಲ್ವಾ? ನಿನ್ನ ಮಗನಿಗೆ ನೋಡಿಸಿದ್ದೀಯಾ?"

ಇಲ್ಲ ಎಂದೆ. ಅವನಿಗಿನ್ನೂ ಮಲೇರಿಯಾ ಬಂದಿಲ್ಲ ಎಂದೂ ಸೇರಿಸಿದೆ, ಯಾರೋ ಗಿರಾಕಿ ನನ್ನೆದುರು ವಾದಿಸುವ ಹಾಗೆ. ಅಕ್ಕ ನನ್ನ ಕೈ ಹಿಡಿದುಕೊಂಡು, ನಾನು ದಿನವೂ ಕೌಂಟರಿನ ಆಚೆ ನಿಂತವರಿಗೆ ಹೇಳುವುದನ್ನೇ ನನಗೆ ಹೇಳಿದಳು.

"ಟೆಸ್ಟ್ ಮಾಡಿಸು. ಹೆದರ್ಬೇಡ."