ಖಳನಾಯಕ ನೀರು ಹೊತ್ತದ್ದು

ಫೌಸ್ತಿನೊ ಮಗ್ಬಾನುವ ನಲವತ್ತು ವರ್ಷ ಸಿನಿಮಾದಲ್ಲಿ ಖಳನಾಗಿದ್ದ. ನೂರಾ ಹನ್ನೊಂದು ಸಲ ಸತ್ತ. ಗುಂಡು ತಿಂದು ಸತ್ತ, ಬಾವಿಗೆ ಬಿದ್ದು ಸತ್ತ, ಒಮ್ಮೆ ಎಮ್ಮೆ ತುಳಿದು ಸತ್ತ. ಹೋದ ಮಾರ್ಚಿನಲ್ಲಿ ನಿಜವಾಗಿ ಸತ್ತ. ಅವನ ಅಂಟುಮೀಸೆಗಳನ್ನು ಹೆಂಡತಿ ಸೆಲಿಂಗ್ ಯಾರಿಗೂ ಕೊಟ್ಟಿಲ್ಲ.

ಅವಳಿಗಿಂತ ಮುಂಚೆ ಅವನಿಗೆ ಇಬ್ಬರಿದ್ದರು. ಒಬ್ಬಳು ಕುಣಿಯುವವಳು, ಇನ್ನೊಬ್ಬಳು ನಾಯಕಿ. ನಾಯಕಿಯನ್ನು ನಾಲ್ಕು ಚಿತ್ರಗಳಲ್ಲಿ ಹೊತ್ತೊಯ್ದ. ಐದನೆಯದು ಮುಗಿಯುವಷ್ಟರಲ್ಲಿ ಅವಳು ನಾಯಕನನ್ನೇ ಮದುವೆಯಾದಳು, ನಿಜವಾಗಿ. ಆ ದುಃಖದಲ್ಲಿ ಮಲಬೋನ್ ಊರಿಗೆ ಬಂದು, ಸೆಲಿಂಗಳ ಅಪ್ಪ ಇಂದೊನ ಶ್ಯಾವಿಗೆ ಅಂಗಡಿಯಲ್ಲಿ ಕೂತ. ಮೂರು ತಟ್ಟೆ ತಿಂದ. ಮೂರನೆಯದನ್ನು ಸೆಲಿಂಗ್ ಬಡಿಸಿದಳು. ದುಃಖ ಅಲ್ಲಿಗೆ ಮುಗಿಯಿತು.

ಹೆಣ್ಣು ಕೇಳಿದ. ಇಂದೊ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಹೆಣ್ಣು ಬೇಕಂದ್ರೆ ಹೆಣ್ಣಿನ ಮನೇಲಿ ದುಡೀಬೇಕು. ನೀರು ತರ್ಬೇಕು, ಸೌದೆ ಒಡೀಬೇಕು. ನಾನೂ ಮಾಡಿದೀನಿ. ಆರು ತಿಂಗಳು."

"ಆಗ್ಲಿ, ಮಾಂಗ್ ಇಂದೊ," ಎಂದ ಫೌಸ್ತಿನೊ, ಹಿರಿಯರನ್ನು ಕರೆಯುವ ಮರ್ಯಾದೆಯಲ್ಲಿ.

ಬೆಳಗ್ಗೆ ಕಾವಡಿ ಹೊತ್ತು ನೀರು ತರುತ್ತಿದ್ದ. ಮಧ್ಯಾಹ್ನ ಸಾಯಲು ಹೋಗುತ್ತಿದ್ದ.

ಎರಡನೇ ದಿನವೇ ಮೀನು ಮಾರುವ ಬೆಬಾಂಗ್ ಅವನ ಗುರುತು ಹಿಡಿದಳು. ಕೈಯಲ್ಲಿದ್ದ ಮೀನಿನಿಂದಲೇ ಬೆನ್ನಿಗೆ ಬಾರಿಸಿದಳು.

"ಆ ಕುರುಡು ಹುಡುಗಿ ಮನೆಗೆ ಬೆಂಕಿ ಇಟ್ಟೋನು ನೀನೇ ತಾನೆ?"

"ನಾನೇ ಕಣಮ್ಮ. ಆದ್ರೆ ಕೊನೇಲಿ ಸತ್ತೆನಲ್ಲ."

"ಇನ್ನೂ ಬೇಗ ಸಾಯ್ಬೇಕಿತ್ತು." ಅಷ್ಟು ಹೇಳಿ, ಅವನು ನೀರು ಹೊರುವುದನ್ನು ನೋಡಲು ಕೂತಳು. ಎರಡು ತಟ್ಟೆ ತರಿಸಿಕೊಂಡಳು.

ಮಾರನೇ ದಿನ ಇಡೀ ಮೀನು ಸಂತೆ ಬಂತು. ಬೈದಷ್ಟೂ ಹಸಿವು, ತಿಂದಷ್ಟೂ ಬೈಗುಳ. ಇಂದೊ ಹೊಸ ಬೆಂಚು ಮಾಡಿಸಿದ.

ಆರು ತಿಂಗಳು ಹದಿನಾಲ್ಕಾಯಿತು.

"ಅಪ್ಪ, ನನ್ನ ಮದ್ವೆ ಯಾವಾಗ?"

"ಅವನಿಗಿನ್ನೂ ಸೌದೆ ಸರಿಯಾಗಿ ಒಡೆಯೋಕೆ ಬರಲ್ಲ ಕಣೆ."

ಸೆಲಿಂಗ್ ಬೆಂಚುಗಳ ಕಡೆ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ಹೀಗೇ ಬಿಟ್ಟರೆ ಮುದುಕಿಯಾದರೂ ಮದುವೆಯಿಲ್ಲ. ಮಾರನೇ ಬೆಳಗ್ಗೆ ಬಾವಿಯ ಹತ್ತಿರ ಫೌಸ್ತಿನೊನನ್ನು ತಡೆದಳು.

"ಇವತ್ತು ನೀರು ಎದುರಿನ ಪಾಸಿಂಗಳ ಶ್ಯಾವಿಗೆ ಅಂಗಡಿಗೆ ಹಾಕು. ಅವಳಿಗೂ ಒಬ್ಳು ಮಗಳಿದಾಳೆ."

"ನಂಗೆ ಆ ಹುಡುಗಿ ಬೇಡ."

"ಬೇಕು ಅಂತ ಯಾರು ಅಂದ್ರು? ನೀನು ನಟ ತಾನೆ? ನಟಿಸು."

ಅವನು ಮೀಸೆ ತಿರುವಿ, ಖಳನ ನಗೆ ನಕ್ಕು, ಪಾಸಿಂಗಳ ಹಂಡೆಗೆ ನೀರು ಸುರಿದ. ಬೆಬಾಂಗ್ ತಟ್ಟೆ ಹಿಡಿದೇ ಎದ್ದಳು. ಹಿಂದೆ ಸಂತೆಯವರೆಲ್ಲ ಎದ್ದರು. ಬಾಯಿಂದ ಶ್ಯಾವಿಗೆ ಇಳಿಬಿಟ್ಟುಕೊಂಡು, ಬೈಯುತ್ತಾ, ಗಾಡಿಗಳನ್ನು ತಡೆದು ರಸ್ತೆ ದಾಟಿದರು. ಹೊಸ ಬೆಂಚಿನ ಮೇಲೆ ಬೆಕ್ಕೊಂದೇ ಉಳಿಯಿತು.

ಫೌಸ್ತಿನೊ ಎರಡನೇ ಕಾವಡಿ ಹೊತ್ತು ತರುವಷ್ಟರಲ್ಲಿ ಇಂದೊ ಸೌಟು ಹಿಡಿದು ಓಡಿದ.

"ಇಳಿಸೋ ಕಾವಡಿ. ಪಾಸಿಂಗ್, ಅವನು ನನ್ನ ಅಳಿಯ."

ಸೆಲಿಂಗ್ ಬಾಗಿಲಲ್ಲಿ ನಿಂತು ಕೇಳಿದಳು: "ಯಾವತ್ತಿಂದ ಅಳಿಯ, ಅಪ್ಪ?"

ಐವತ್ತು ಜನ ಕೇಳಿಸಿಕೊಂಡಿದ್ದರು. ಇಂದೊ ಸೌಟು ನೋಡಿದ, ಜನರನ್ನು ನೋಡಿದ.

"ಭಾನುವಾರದಿಂದ."

ಆಶೀರ್ವಾದಕ್ಕೆ ಮಾವನ ಕೈಯನ್ನು ಹಣೆಗೆ ಒತ್ತಿಕೊಳ್ಳಲು ಫೌಸ್ತಿನೊ ಅಲ್ಲೇ ಬಗ್ಗಿದ. ಕಾವಡಿ ಇಳಿಸಲು ಮರೆತಿದ್ದ. ಎರಡು ಡಬ್ಬ ನೀರೂ ಇಂದೊನ ಮೇಲೆ. ಬೆಬಾಂಗ್ ಸಂತೆಗೆಲ್ಲ ಕೇಳುವಂತೆ ಬೈದಳು. ಸೆಲಿಂಗ್ ಬಾಗಿಲು ಹಿಡಿದು ಬಿದ್ದು ಬಿದ್ದು ನಕ್ಕಳು. ಅವಳಿಗೆ ಗಂಡ ಸಿಕ್ಕಿದ್ದ.