ಸೆಖೆಯ ತಲೆಗೆ ಕಟ್ಟಿದ ತಪ್ಪು

ಬೆಳಿಗ್ಗೆ ಉಪ್ಪಿನ ಡಬ್ಬಿಗೆ ಕೈ ಹಾಕಿದರೆ ಉಪ್ಪು ನೀರೊಡೆದು ಕೂತಿತ್ತು. ಅಷ್ಟರಲ್ಲಿ ಟೀವಿಯವರೂ ಶುರುಮಾಡಿದರು: ದಕ್ಷಿಣ ಒಳನಾಡಿನಲ್ಲಿ ಬಿಸಿಲು ಏರಲಿದೆ, ಗಾಳಿಯಲ್ಲಿ ತೇವ ಹೆಚ್ಚಲಿದೆ, ಜನ ಎಚ್ಚರದಿಂದಿರಬೇಕು. ಎಚ್ಚರವಿದ್ದು ಮಾಡುವುದೇನು ಸ್ವಾಮಿ? ನಿದ್ದೆ ಬಂದರೆ ತಾನೇ ಮಲಗುವುದು!

ನಿಮ್ಮ ಕಡೆ ಸೆಖೆ ಹೇಗೋ ನನಗೆ ಗೊತ್ತಿಲ್ಲ. ನಮ್ಮ ತಿಪಟೂರು ಸೀಮೆಯದು ಒಂಥರಾ ಜಿಗಟು. ತೋಟದೊಳಗೆ ಗಾಳಿಯಾಡುವುದಿಲ್ಲ, ಉಟ್ಟ ಸೀರೆ ಮೈ ಬಿಡುವುದಿಲ್ಲ. ಸಾಲದ್ದಕ್ಕೆ ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ಅವು ಸಿಪ್ಪೆ ಸಮೇತ ಹತ್ತು ಹನ್ನೊಂದು ತಿಂಗಳು ಅಲ್ಲೇ ಬಿದ್ದಿದ್ದು, ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ಅಲ್ಲಿಯವರೆಗೆ ಕೆಳಗಿರುವ ನಾವೂ ಒಣಗುತ್ತಿರಬೇಕು. ನಾನಂತೂ ಈಗ ಚೆನ್ನಾಗಿ ಒಣಗಿದ್ದೇನೆ.

ಇಂಥ ದಿನ ಬಂದಾಗಲೆಲ್ಲ ನನಗೆ ನಮ್ಮ ಅತ್ತೆ ನೆನಪಾಗುತ್ತಾರೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ನೊಣವಿನಕೆರೆ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದಾಗ ಇಲ್ಲಿನ ಹವಾಮಾನ ಇಲಾಖೆ ಅವರೇ. ಹಪ್ಪಳ ಮುರಿದು ನೋಡಿ, ಇರುವೆ ಸಾಲು ನೋಡಿ, ಮೋಡ ಎಂದರೆ ಮೋಡ. ಕೊಬ್ಬರಿಯ ವಿಷಯದಲ್ಲಂತೂ ಕಡೇ ಮಾತು ಅವರದೇ. ವರ್ಷಕ್ಕೊಮ್ಮೆ ಏಣಿ ಹತ್ತಿ, ಅಟ್ಟದ ನಾಲ್ಕು ಮೂಲೆಯಿಂದ ಕಾಯಿ ತೆಗೆಸಿ, ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. ನೀರಿದ್ದರೆ ಗುಳುಗುಳು ಅನ್ನುತ್ತದೆ. ಒಣಗಿದ್ದರೆ ಉಂಡೆ ಚಿಪ್ಪಿಗೆ ಬಡಿದು ಲೊಟಲೊಟ ಅನ್ನುತ್ತದೆ. ಅವರು ಹೂಂ ಅಂದ ಮೇಲೇ ಸುಲಿಯುವವರನ್ನು ಕರೆಸುವುದು. ಅಲ್ಲಿಯವರೆಗೆ ಗಂಡಸರು ಕೆಳಗೆ ಕತ್ತೆತ್ತಿ ನಿಂತಿರಬೇಕು. ಈ ಮನೆಯ ಗಂಡಸರು ಹೆಂಗಸೊಬ್ಬಳ ಮಾತಿಗೆ ಕಾಯುತ್ತಿದ್ದ ಗಳಿಗೆ ಅದೊಂದೇ. ಅತ್ತೆ ಅದನ್ನು ಸುಲಭಕ್ಕೆ ಬಿಟ್ಟುಕೊಡುವವರಲ್ಲ.

ನಾನು ಬಂದ ಎರಡನೇ ಬೇಸಿಗೆ. ಆಗಲೂ ರೇಡಿಯೋದಲ್ಲಿ ಹೀಗೇ ಹೇಳಿದರು, ವಾರದ ಕೊನೆಗೆ ಸೆಖೆ, ಮೋಡ. ನನ್ನ ಮೈದುನನಿಗೆ ಗಡಿಬಿಡಿ.

"ಅವ್ವಾ, ಒಣಗಿದ್ರೆ ಈಗ್ಲೇ ಒಡೆಸಿ ಬಿಸಿಲು ತೋರ್ಸಾನ. ಇಲ್ಲಾಂದ್ರೆ ಮುಂದಿನ ತಿಂಗ್ಳು ನೋಡಾನ. ಏನಂತೀಯ?"

"ತಡಿಲಾ, ನೋಡಿ ಹೇಳ್ತೀನಿ" ಎಂದು ಅತ್ತೆ ಸೆರಗು ಸಿಕ್ಕಿಸಿ ಏಣಿ ಹತ್ತಿದರು. ಹಿಂದೆ ನಾನು.

ಉಸ್ಸಪ್ಪಾ, ಆ ಅಟ್ಟವೋ! ಒಲೆಯೊಳಗೆ ಕೂತ ಹಾಗಿತ್ತು. ಕಾಯಿ ಎತ್ತಿಕೊಡುವುದು ನನ್ನ ಕೆಲಸ. ಮೊದಲನೆಯದನ್ನು ಎತ್ತಿದಾಗಲೇ ಗುಳುಕ್ ಅಂತು. ಎರಡನೆಯದೂ ಹಾಗೇ. ಅತ್ತೆ ಒಂದೊಂದನ್ನೂ ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸಿ, ತಲೆದೂಗಿ ಪಕ್ಕಕ್ಕಿಟ್ಟರು. ಐದನೆಯ ಕಾಯಿಗೆ ನನಗೆ ತಿಳಿಯಿತು: ಅತ್ತೆಗೆ ಕಿವಿ ಕೇಳಿಸುತ್ತಿಲ್ಲ. ಹಿಂದಿನಿಂದ ಕರೆದರೆ ತಿರುಗದಿದ್ದುದನ್ನು ನಾನು ಬಿಗುಮಾನ ಎಂದುಕೊಂಡು ತವರಿನಲ್ಲಿ ದೂರು ಬೇರೆ ಹೇಳಿದ್ದೆ, ದಡ್ಡಿ.

"ಒಣಗವೆ ಕಣ್ಲಾ. ಸುಲಿಯೋರ್ಗೆ ಹೇಳ್ಕಳ್ಸು" ಎಂದು ಅತ್ತೆ ಕೆಳಗೆ ಕೂಗಿದರು.

ನಾನು ಬಾಯಿ ತೆರೆದೆ, ಮುಚ್ಚಿದೆ. ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ನೆನ್ನೆ ಮೊನ್ನೆ ಬಂದ ಸೊಸೆ ಹಿರಿಯರ ಮಾತಿಗೆ ಎದುರಾಡುವುದೇ? ಅತ್ತೆಯ ಮರ್ಯಾದೆ ಉಳಿಸಿದೆ ಎಂದುಕೊಂಡು ಏಣಿ ಇಳಿದೆ.

ಮಾರನೆಯ ದಿನ ಸುಲಿಯುವವನೊಬ್ಬ ಕೈ ನಿಲ್ಲಿಸಿ, "ಇದ್ರಾಗೆ ನೀರೈತೆ ಕಣ್ರೀ" ಎಂದ.

"ನಮ್ಮವ್ವ ನೋಡೈತೆ, ನೀನ್ ಸುಲಿಯಪ್ಪ" ಎಂದ ಮೈದುನ.

ಅಷ್ಟು ನಂಬಿಕೆ. ಒಡೆದಾಗ ಜಗುಲಿಯೆಲ್ಲ ನೀರು. ಉಂಡೆಯಾಗಿ ಬರಬೇಕಾದ ಕೊಬ್ಬರಿ ಚಿಪ್ಪಿಗೆ ಕಚ್ಚಿಕೊಂಡು ಚೂರುಚೂರಾಗಿ ಬಂತು. ಅಂಗಳದಲ್ಲಿ ಹರವಿದೆವು. ರೇಡಿಯೋದವರು ಹೇಳಿದ ಹಾಗೇ ಸೆಖೆ ಕವಿಯಿತು, ಎರಡೇ ದಿನಕ್ಕೆ ಚೂರುಗಳ ಮೇಲೆಲ್ಲ ಹಸಿರು ಬೂಷ್ಟು. ನೋಡಲು ಅಕ್ಕಪಕ್ಕದವರು ಬಂದು ನಿಂತರು. ಮೈದುನ ತಾಯಿಯ ಮುಖ ನೋಡಿದ. ಅತ್ತೆ ನೆಲ ನೋಡುತ್ತಿದ್ದರು.

"ಎಲ್ಲಾ ಈ ಹಾಳು ಸೆಖೆ ಮಾಡಿದ್ದು. ರೇಡಿಯೋದಲ್ಲೇ ಹೇಳಿದ್ರಲ್ಲ" ಎಂದೆ ನಾನು, ಗಟ್ಟಿಯಾಗಿ.

ಎಲ್ಲರೂ ಸೆಖೆಗೆ ಶಾಪ ಹಾಕಿ ಮನೆಗೆ ಹೋದರು. ನನಗೋ ಒಳಗೊಳಗೇ ಹೆಮ್ಮೆ, ಎಂಥ ಜಾಣ ಸೊಸೆ ನಾನು ಎಂದು.

ಐದನೆಯ ದಿನ ಇಬ್ಬರೂ ಬೂಷ್ಟು ಒರೆಸುತ್ತ ಕೂತಿದ್ದಾಗ ಅತ್ತೆ ಕೇಳಿದರು:

"ಅಟ್ಟದ ಮ್ಯಾಲೆ ನಿಂಗೆ ನೀರು ಕೇಳಿಸ್ತು, ಅಲ್ವೇನೇ?"

ನನ್ನ ತುಟಿಯನ್ನೇ ನೋಡುತ್ತಿದ್ದರು. ನಾನು ಹೌದೆಂದು ತಲೆಯಾಡಿಸಿದೆ.

"ಕೊಬ್ರಿ ಹೋದ್ರೆ ಹೋಯ್ತು ಬುಡು. ಕಿವಿ ಹೋಗಿರಾದು ನಂಗೊಬ್ಳಿಗೇ ಗೊತ್ತು ಅಂದ್ಕಂಡಿದ್ದೆ. ನಿಂಗೂ ಗೊತ್ತಾಗಿತ್ತು. ಪಕ್ಕದಾಗೇ ಕುಂತಿದ್ದೆ ಕಣೇ ನೀನು. ಒಂದ್ಸಲ ನನ್ ಕೈ ಹಿಸುಕಿದ್ರೆ ಸಾಕಾಗಿತ್ತು. ಕೆಳಗಿದ್ದೋರ್ಗೆ ತಿಳೀತಿತ್ತಾ?"

ಮುಂದಿನ ವರ್ಷ ಅತ್ತೆ ಏಣಿ ಮುಟ್ಟಲಿಲ್ಲ. ಮೈದುನನೇ ಹತ್ತಿದ, ಕಾಯಿ ಅಲ್ಲಾಡಿಸಿದ, ಇಳಿದ. ಅತ್ತೆ ಅಡಿಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದರು, ಅವರನ್ನು ಯಾರೂ ಕರೆಯಲಿಲ್ಲ.

ಅವರು ಹೋಗಿ ಎಷ್ಟೋ ವರ್ಷವಾಯಿತು. ಈಗಲೂ ಮನೆಯಲ್ಲಿ ಸಾರು ಹಳಸಿದರೂ ಮೈ ಕೆಟ್ಟರೂ ಎಲ್ಲರೂ ಸೆಖೆಗೇ ಬೈಯುತ್ತಾರೆ. ನಾನು ಬೈಯುವುದಿಲ್ಲ. ಸೆಖೆ ಬರುತ್ತೇನೆಂದು ಮೊದಲೇ ಹೇಳಿ ಬಂದಿತ್ತು. ಬಾಯಿ ಬಿಡದೆ ಕೂತವಳು ನಾನು.